ಖಾಲಿಗುರು

“ತೆಗೀರಿ ಗುರುಗಳೇ, ದರ್ಶನ ಕೊಡಿ,” ಎಂದ ಎಕ್ಸ್‌ರೇ ತೆಗೆಯುವವನು. ಪಂಕ್ಚರ್ ಅಂಗಡಿಯವನು ಲ್ಯಾಪ್‌ಟಾಪಿನ ಮುಚ್ಚಳದ ಮೇಲಿಟ್ಟ ಕೈ ತೆಗೆಯಲಿಲ್ಲ. ಮೇಷ್ಟ್ರ ಮನೆಯ ನಡುಮನೆಯಲ್ಲಿ ಐದು ಜನ ಅವನನ್ನೇ ನೋಡುತ್ತಿದ್ದರು. ಇಷ್ಟು ದಿನ ಫೋನಿನ ಗುಂಪಿನಲ್ಲಷ್ಟೇ ಪರಿಚಯವಿದ್ದವರು, ಮುಖಾಮುಖಿಯಾಗಿದ್ದು ಇವತ್ತೇ ಮೊದಲು.

ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿಕೊಂಡ ಕಂಪ್ಯೂಟರ್ ಹುಚ್ಚಿನವರ ಗುಂಪು ಅದು. ಪ್ರತಿ ಭಾನುವಾರ ಒಬ್ಬೊಬ್ಬರೂ ತಮ್ಮ ಕಂಪ್ಯೂಟರಿನ ಪರದೆಯನ್ನು ಮದುವಣಗಿತ್ತಿಯ ಹಾಗೆ ಸಿಂಗರಿಸಿ, ಸ್ಕ್ರೀನ್‌ಶಾಟ್ ತೆಗೆದು ಹಾಕಬೇಕು. ಇವನು ಗಡಿಯಾರ, ಹಾಡಿನ ಪಟ್ಟಿ, ಎಲ್ಲವನ್ನೂ ಎಡಗಡೆಗೇ ಒತ್ತರಿಸಿ ಬಲಗಡೆ ಅರ್ಧ ಪರದೆಯನ್ನು ಖಾಲಿ ಬಿಟ್ಟಿದ್ದ. ಬರೀ ಒಂದು ಬಣ್ಣ. “ಖಾಲಿ ಬಿಡೋಕೂ ಎದೆಗಾರಿಕೆ ಬೇಕು. ನೀವು ಕಲಾವಿದರು,” ಎಂದು ಮೇಷ್ಟ್ರು ಬರೆದರು. ಅಂದಿನಿಂದ ಗುಂಪಿಗೆಲ್ಲ ಅವನು ಖಾಲಿಗುರು. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು ಅವನು. ಮೇಷ್ಟ್ರುಗಳಿಂದ ಅಲ್ಲಿಯವರೆಗೆ ಸಿಕ್ಕಿದ್ದು ಬೆತ್ತದ ಬರೆ ಮಾತ್ರ. ಈ ಮೇಷ್ಟ್ರು ಬರೆದ ಆ ಸಾಲನ್ನು ಲಾರಿಯ ಕೆಳಗೆ ಮಲಗಿಕೊಂಡು ಎಷ್ಟು ಸಲ ಓದಿದನೋ ಲೆಕ್ಕವಿಲ್ಲ.

ಆದರೆ ಮುಚ್ಚಳದ ಕೆಳಗಿನ ಸಂಗತಿ ಬೇರೆ. ನಾಲ್ಕು ತಿಂಗಳ ಹಿಂದೆ ಅಂಗಡಿಯಲ್ಲಿ ಗಾಡಿ ಎತ್ತುವ ಜಾಕ್ ಬಿದ್ದು ಪರದೆಯ ಬಲಭಾಗ ಸತ್ತೇಹೋಗಿತ್ತು. ಸ್ಕ್ರೀನ್‌ಶಾಟಿಗೆ ಒಡೆದ ಗಾಜು ಕಾಣುವುದಿಲ್ಲ, ಕಂಪ್ಯೂಟರಿನ ಹೊಟ್ಟೆಯಲ್ಲಿರುವುದನ್ನಷ್ಟೇ ಅದು ತೆಗೆಯುತ್ತದೆ. ಆ ಕತ್ತಲಲ್ಲಿ ಏನನ್ನೂ ಇಡಲಾಗದೆ ಖಾಲಿ ಬಿಟ್ಟದ್ದು ನಿಜ. ಬಣ್ಣವನ್ನು ಮಾತ್ರ ಅವನು ಹಣೆಬರಹಕ್ಕೆ ಬಿಟ್ಟಿರಲಿಲ್ಲ. ಬಣ್ಣ ಬದಲಿಸುವುದು, ಸ್ಕ್ರೀನ್‌ಶಾಟ್ ತೆಗೆಯುವುದು, ಫೋನಿಗೆ ಕಳಿಸಿ ಅಂಗೈಯಗಲದ ಗಾಜಿನಲ್ಲಿ ನೋಡುವುದು, ಥೂ ಎಂದು ಮತ್ತೆ ಬದಲಿಸುವುದು. ಹತ್ತೊಂಬತ್ತು ಸಂಜೆ ಹೀಗೇ ಕುರುಡನಂತೆ ತಡಕಾಡಿದ ಮೇಲೆ ಸಿಕ್ಕಿತ್ತು, ಮಳೆ ನಿಂತ ಮೇಲಿನ ಒದ್ದೆ ಡಾಂಬರಿನ ನೀಲಿ.

ಹೇಳಿಬಿಡುತ್ತೇನೆ ಎಂದುಕೊಂಡು ಮುಚ್ಚಳ ತೆಗೆದ.

“ಅಯ್ಯಯ್ಯೋ, ಇದು ಮೂಳೆ ಮುರಿದಿರೋ ಕೇಸು ಕಣ್ರೋ!” ಎಕ್ಸ್‌ರೇಯವನು ತೊಡೆ ತಟ್ಟಿದ. “ಅದಕ್ಕಾ ಖಾಲಿ! ನಾನು ಕೂಡ ಅದನ್ನ ನೋಡಿ ನನ್ನದ್ರಲ್ಲಿ ಅರ್ಧ ಖಾಲಿ ಮಾಡಿದ್ನಲ್ಲಪ್ಪ!” ಎಲ್ಲರೂ ಗೊಳ್ಳೆಂದರು.

ಮೇಷ್ಟ್ರು ನಗಲಿಲ್ಲ. “ಸುಮ್ನಿರ್ರೋ, ಪಾಪ,” ಎಂದರು. ನಗುವನ್ನಾದರೂ ಅವನು ನುಂಗಿಕೊಳ್ಳುತ್ತಿದ್ದ, ಈ ‘ಪಾಪ’ವನ್ನು ನುಂಗುವುದು ಕಷ್ಟವಾಯಿತು.

“ಮೊದ್ಲೇ ಹೇಳೋದಲ್ವೇನಪ್ಪ?” ಮೇಷ್ಟ್ರು ಅವನತ್ತ ತಿರುಗಿದರು. “ಇದೇ ಅಳತೆ ಪರದೆ ನಮ್ಮನೇಲಿ ಸುಮ್ನೆ ಬಿದ್ದಿದೆ. ಈಗ್ಲೇ ಹಾಕಿಬಿಡೋಣ.”

“ಬೇಡ ಸಾರ್. ಅದಲ್ಲ, ಆ ಬಣ್ಣ ನಾನು...”

“ಆಮೇಲೆ ಹೇಳುವಂತೆ. ಲೇ, ಆ ಸ್ಕ್ರೂಡ್ರೈವರ್ ಕೊಡೋ ಇಲ್ಲಿ.”

ನಾಲ್ಕು ತಲೆಗಳು ಅವನ ಲ್ಯಾಪ್‌ಟಾಪಿನ ಮೇಲೆ ಬಗ್ಗಿದವು. ಬೆಳಗಿನಿಂದ ಸಂಜೆಯವರೆಗೆ ನಟ್ಟು ಬಿಚ್ಚಿ ಹಾಕುವ ಅವನ ಕೈಗೆ, ಬಿಚ್ಚಿದ ಸ್ಕ್ರೂಗಳನ್ನು ಕಾಯಲು ಒಂದು ಡಬ್ಬಿಯ ಮುಚ್ಚಳ ಕೊಟ್ಟರು. ಅವರು ಮಾಡುತ್ತಿದ್ದುದು ಒಳ್ಳೆಯದನ್ನೇ. ಬೈಯುವುದಕ್ಕೂ ದಾರಿಯಿರಲಿಲ್ಲ. ಹಲ್ಲು ಕಚ್ಚಿಕೊಂಡು ಮುಚ್ಚಳ ಹಿಡಿದು ನಿಂತ.

ಅರ್ಧ ಗಂಟೆಗೆ ಪರದೆ ಈ ಅಂಚಿನಿಂದ ಆ ಅಂಚಿನವರೆಗೆ ಬೆಳಗಿತು. ತಾನು ಮಾಡಿದ್ದನ್ನು ಅವನು ದೊಡ್ಡ ಪರದೆಯ ಮೇಲೆ ಇಡಿಯಾಗಿ ಕಂಡದ್ದು ಆಗಲೇ. ಎಡಗಡೆ ಅವನ ಪುಟ್ಟ ಅಕ್ಷರಗಳು ರಸ್ತೆ ದಾಟಲು ಕಾದು ನಿಂತ ಜನರ ಹಾಗೆ ಒತ್ತೊತ್ತಾಗಿ ನಿಂತಿದ್ದವು. ಅವುಗಳ ಮುಂದೆ ಆ ನೀಲಿ, ಒಂದೇ ಒಂದು ಗಾಡಿಯಿಲ್ಲದೆ, ಉದ್ದಕ್ಕೂ ಬಿದ್ದುಕೊಂಡಿತ್ತು. ಅವನು ಊಹಿಸಿದ್ದಕ್ಕಿಂತ ಚೆನ್ನಾಗಿತ್ತು. ನೋಡಿ ಸಾರ್ ಎನ್ನಲು ತಿರುಗಿದ.

ಮೇಷ್ಟ್ರು ಅಕ್ಕರೆಯಿಂದ ಅವನ ಭುಜ ತಟ್ಟಿದರು. “ಆಯ್ತಲ್ಲ, ಇನ್ನೇನು ಯೋಚ್ನೆ ಬೇಡ. ಆ ಕಡೆಗೂ ಏನಾದ್ರೂ ಇಟ್ಟು ಚೆಂದ ಮಾಡ್ಕೋ, ಹೋಗು.”