ಲಾಮ್‌ಪಾಸಿಯ ಬೇಲಿ ಜಗಳ

ಸಲ್ಬಿಯಾ ಎಸೆದ ಸೌಟು ಸಫ್ರಿಜಾಲನ ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹಾದು ಬೇಲಿಗೆ ಬಡಿಯಿತು. ಬೇಲಿಯಾಚೆ ನಿಂತಿದ್ದ ಮರ್ಹಬಾನ್ ಅದನ್ನು ಎತ್ತಿ, ಮಣ್ಣು ಒರೆಸಿ, ಮತ್ತೆ ಈಚೆಗೆ ಎಸೆದ.

"ಗುರಿ ಇಡೋಕೂ ಬರಲ್ಲ ಈ ಹೆಂಗಸಿಗೆ!"

"ಗುರಿ ಇಟ್ಟಿದ್ರೆ ನೀನು ಉಳೀತಿದ್ಯೇನೋ? ರಾತ್ರಿಯಿಡೀ ನಿನ್ನ ಗೊರಕೆ ಕೇಳಿ ಕೇಳಿ ನನ್ನ ಕಿವಿ ತೂತುಬಿದ್ದಿದೆ!"

ಇಬ್ಬರ ನಡುವೆ ಕೈ ಚಾಚಿ ನಿಂತ ಸಫ್ರಿಜಾಲ್ ಲಾಮ್‌ಪಾಸಿಯ ಕೆಚಿಕ್, ಅಂದರೆ ಊರ ಮುಖಂಡ. ಹಳೆಯ ಕೆಚಿಕ್ ಸುನಾಮಿಯಲ್ಲಿ ಮನೆಮಂದಿಯೊಡನೆ ಹೋಗಿಬಿಟ್ಟಿದ್ದ. ದೂರದ ಮೇಡಾನ್ ಪಟ್ಟಣದಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಸಫ್ರಿಜಾಲ್, ಹೊಸ ಮನೆಗಳೆಲ್ಲ ಎದ್ದ ಮೇಲೆ ಊರಿಗೆ ಮರಳಿದಾಗ, ಜನ ಅವನನ್ನೇ ಹಿಡಿದು ಆ ಜಾಗದಲ್ಲಿ ಕೂರಿಸಿದರು. ರಸ್ತೆ, ಮೋರಿ, ಮೀನುಪೇಟೆ ಎಲ್ಲ ನೆಟ್ಟಗೆ ಮಾಡುತ್ತೇನೆ ಎಂದುಕೊಂಡಿದ್ದವನಿಗೆ ಗಂಟುಬಿದ್ದದ್ದು ಈ ಬೇಲಿ.

ಗಡಿಕಲ್ಲುಗಳನ್ನು ಸಮುದ್ರ ಒಯ್ದಿತ್ತು. ಮರ್ಹಬಾನ್ ಒಂದು ಗೇಣು ಒಳಗೆ ಬಂದಿದ್ದಾನೆಂದು ಸಲ್ಬಿಯಾ, ಅವಳೇ ಬಂದಿದ್ದಾಳೆಂದು ಮರ್ಹಬಾನ್. ಕೆಚಿಕ್ ಹಗ್ಗ ಹಿಡಿದು ಅಳೆದ. ಬೇಲಿ ಕಿತ್ತು ನೆಡಿಸಿದ. ಇಬ್ಬರೂ ತಲೆಯಾಡಿಸಿದರು. ಮರುವಾರ ಅವನ ಮೇಕೆಯ ಜಗಳ. ಅದು ಮುಗಿದರೆ ಅವಳ ಕೋಳಿಯದು. ಅವನ ಅಂಗಿ ಅವಳ ತಂತಿಯ ಮೇಲೆ ಒಣಗುತ್ತಿದ್ದದ್ದಕ್ಕೂ ಒಂದು ರಂಪ. ಗಾಳಿ ತಂದು ಹಾಕಿತು ಎಂದು ಕೆಚಿಕ್ ತೀರ್ಪು ಕೊಟ್ಟ. ಆ ಗಾಳಿ ಅಂಗಿಗೆ ಕ್ಲಿಪ್ಪನ್ನೂ ಸಿಕ್ಕಿಸಿತ್ತು.

ವಿಚಿತ್ರವೆಂದರೆ, ಮನೆ ಕಟ್ಟಿಸಿಕೊಟ್ಟ ಪರದೇಶಿ ಸಂಸ್ಥೆಯ ಜೀಪು ಊರಿಗೆ ಬಂದ ದಿನವೇ ಜಗಳ ತಾರಕಕ್ಕೇರುತ್ತಿತ್ತು. ಇವತ್ತೂ ಜೀಪಿನಿಂದಿಳಿದ ಜಕಾರ್ತದ ಅಧಿಕಾರಿ ಬ್ಯಾಗನ್ನು ತಲೆಗೆ ಅಡ್ಡ ಹಿಡಿದು ನಿಂತಿದ್ದ.

"ಏನ್ರೀ ಕೆಚಿಕ್, ಗೋಡೆ ಬಿರುಕು ಬಿಟ್ಟಿದೆಯಾ ಅಂತ ನೋಡೋಕೆ ಬರ್ತೀನಿ. ಪ್ರತಿ ಸಲ ತಲೆ ಬಿರುಕು ಬಿಡೋದರಿಂದ ತಪ್ಪಿಸ್ಕೊಂಡು ಹೋಗ್ತೀನಿ!"

ಸಫ್ರಿಜಾಲನಿಗೆ ಅವಮಾನವಾಯಿತು. ಎಲ್ಲರನ್ನೂ ಸಲ್ಬಿಯಾಳ ಜಗಲಿಯಲ್ಲಿ ಕೂರಿಸಿ ಪಂಚಾಯಿತಿ ಶುರುಮಾಡಿದ. ಅವಳು ಸಿಡುಕುತ್ತಲೇ ಕಾಫಿ ತಂದಳು. ಎಲ್ಲರ ಲೋಟಕ್ಕೂ ಸಕ್ಕರೆ ಬಿತ್ತು, ಮರ್ಹಬಾನನದಕ್ಕೆ ಬೀಳಲಿಲ್ಲ. ಎಂಥ ಹಗೆ ಎಂದು ಕೆಚಿಕ್ ಮರುಗಿದ. ಮರ್ಹಬಾನ್ ಮಾತ್ರ ಚಪ್ಪರಿಸಿಕೊಂಡು ಕುಡಿದ.

ಆಗಲೇ ಸಫ್ರಿಜಾಲನಿಗೆ ಅದು ಹೊಳೆದದ್ದು. ಇವಳ ಗಂಡ ನೀರುಪಾಲು. ಅವನ ಹೆಂಡತಿಯೂ ನೀರುಪಾಲು. ನಡುವೆ ಒಂದು ಬೇಲಿ.

"ಇಬ್ಬರೂ ಮದುವೆ ಆಗಿಬಿಡಿ," ಎಂದ. "ಬೇಲಿಯೇ ಬೇಡ."

ಮೂಲೆಯಲ್ಲಿ ಯಾರೋ ಕೆಮ್ಮಿದರು.

"ಇವಳನ್ನಾ?" ಮರ್ಹಬಾನ್ ಎದೆ ಹಿಡಿದುಕೊಂಡ. "ಅದಕ್ಕಿಂತ ಇನ್ನೊಂದು ಸುನಾಮಿ ಬರಲಿ!"

"ಇವನನ್ನಾ? ನನ್ನ ಮೇಕೆನೂ ಒಪ್ಪಲ್ಲ!"

"ಮೇಕೆ ನಂದು ಕಣೆ!"

"ಆಗೋದೂ ಇಲ್ಲ ಬಿಡಿ," ಅಧಿಕಾರಿ ನಡುವೆ ಬಾಯಿ ಹಾಕಿದ. "ಒಂದು ಸಂಸಾರಕ್ಕೆ ಒಂದೇ ಮನೆ. ಮದುವೆ ಆದರೆ ಇನ್ನೊಂದನ್ನ ವಾಪಸು ಕೊಡಬೇಕು. ನಿಯಮ ಅಂದ್ರೆ ನಿಯಮ."

ಸಲ್ಬಿಯಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಈ ಸಲ ಅವಳು ಕಿರುಚಲಿಲ್ಲ.

"ನಂಗೆ ಉಳಿದಿರೋಳು ಒಬ್ಬಳೇ ಮಗಳು. ನಮ್ಮಲ್ಲಿ ಮನೆ ಮಗಳದ್ದು. ಅವಳ ಗಂಡ ಅಲ್ಲಿಗೆ ಬರಬೇಕು. ನಮ್ಮಮ್ಮ ನಂಗೆ ಕೊಟ್ಟ ಮನೆ ಇದೇ ನೆಲದ ಮೇಲಿತ್ತು. ಸಮುದ್ರ ಬಿಟ್ಟು ಹೋಗಿದ್ದು ನೆಲ ಒಂದೇ. ಅದನ್ನೂ ನೀವು ಕಿತ್ಕೊಂಡರೆ ಅವಳಿಗೇನು ಕೊಡಲಿ?"

ಮರ್ಹಬಾನ್ ಲೋಟದ ತಳ ನೋಡುತ್ತ ಹೇಳಿದ: "ನನಗೂ ಒಬ್ಬಳು ಮಗಳಿದಾಳೆ, ಸಾರ್. ಅವಳ ತಾಯಿ ನೆಟ್ಟ ನಿಂಬೆಗಿಡ ಮತ್ತೆ ಚಿಗುರಿರೋದು ನನ್ನ ಅಂಗಳದಲ್ಲೇ."

ಇಷ್ಟು ದಿನ ಸಫ್ರಿಜಾಲ್ ಗೇಣು ಅಳೆದಿದ್ದ, ಇದನ್ನು ಅಳೆದಿರಲಿಲ್ಲ. ಅಧಿಕಾರಿಯನ್ನು ಪಕ್ಕಕ್ಕೆ ಕರೆದು ಅಂಗಲಾಚಿದ. ನಾಳೆ ಇಲ್ಲಿ ಕೊಲೆಯಾದರೆ ನಿಮ್ಮ ಸಂಸ್ಥೆಯ ಹೆಸರೇ ಪತ್ರಿಕೆಯಲ್ಲಿ ಬರುತ್ತದೆ ಎಂದ. ಅಷ್ಟರಲ್ಲಿ ಸಲ್ಬಿಯಾ ಒಳಗೆ ಹೋಗಿ ಒನಕೆ ಹಿಡಿದು ಬಂದಳು. ಅಧಿಕಾರಿ ಒನಕೆಯನ್ನು ನೋಡಿದ. ಮೇಲಿನವರಿಗೆ ಫೋನು ಮಾಡಿದ.

"ಆಯ್ತು! ಇನ್ನು ಮೇಲೆ ಲಾಮ್‌ಪಾಸಿಯಲ್ಲಿ ಯಾರು ಯಾರನ್ನ ಮದುವೆಯಾದರೂ ಮನೆ ಅವರವರದ್ದೇ. ಬರಹದಲ್ಲೇ ಕೊಡ್ತೀನಿ. ಆ ಒನಕೆ ಕೆಳಗಿಡಿಸಿ."

ಒನಕೆ ಕೆಳಗಿಳಿಯಿತು. ಸಲ್ಬಿಯಾ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡಳು. ಮರ್ಹಬಾನ್ ಆಕಾಶ ನೋಡಿದ. "ಊರಿನ ಶಾಂತಿಗೋಸ್ಕರ," ಎಂದು ಇಬ್ಬರೂ ಒಟ್ಟಿಗೇ ಅಂದರು.

ಶುಕ್ರವಾರದ ನಮಾಜಿನ ಮೇಲೆ ಮಸೀದಿಯಲ್ಲಿ ನಿಕಾಹ್. ಸಫ್ರಿಜಾಲ್ ತನ್ನದೇ ಹೋರಿ ಕಡಿಸಿದ. ಅಧಿಕಾರಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ. ಮೇಡಾನಿನಲ್ಲಿ ಎಷ್ಟು ಟೈರು ಮಾರಿದರೂ ಸಿಗದ ನೆಮ್ಮದಿ ಅವನಿಗೆ ಇವತ್ತು ಸಿಕ್ಕಿತ್ತು. ಇಬ್ಬರು ಹಗೆಗಳನ್ನು ಒಂದು ಮಾಡಿದ್ದಾನೆ. ಮೊಮ್ಮಕ್ಕಳಿಗೆ ಹೇಳುವಂಥ ಕೆಲಸ.

ಊರೇ ನೆರೆದಿತ್ತು. ಆದರೆ ಯಾಕೋ ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಹೆಂಗಸರ ಕಡೆ ಕಿಸಕಿಸ. ಗಂಡಸರು ಟೋಪಿ ಸರಿಮಾಡಿಕೊಳ್ಳುವುದರಲ್ಲಿ ಮಗ್ನರು.

"ಶುರು ಮಾಡಿ, ತೆಂಗ್ಕು," ಎಂದು ಅವನು ಮುದಿ ಇಮಾಮರಿಗೆ ಕೈಸನ್ನೆ ಮಾಡಿದ.

ಇಮಾಮರು ಮುಂದೆ ಬಗ್ಗಿ, ಅಧಿಕಾರಿಗೆ ಕೇಳಿಸದಂತೆ ಅವನ ಕಿವಿಯಲ್ಲಿ ಉಸುರಿದರು:

"ಗಂಡ ಹೆಂಡತಿಗೆ ಇನ್ನೊಂದು ಸಲ ನಿಕಾಹ್ ಹೇಗಪ್ಪಾ ಮಾಡಿಸಲಿ? ಸುನಾಮಿ ಆದ್ಮೇಲೆ, ಈ ಮನೆಗಳು ಏಳೋಕೆ ಮುಂಚೆ, ಡೇರೆಯಲ್ಲಿದ್ದಾಗಲೇ ಇವರಿಗೆ ನಾನು ಮಾಡಿಸಿದೀನಿ. ಆ ಊಟ ತಪ್ಪಿಸಿಕೊಂಡೋನು ಊರಲ್ಲಿ ನೀನೊಬ್ಬನೇ."