ಕಾಯುವ ಹೊತ್ತು

ಮೇಷ್ಟ್ರು ಪ್ರಶ್ನೆ ಕೇಳಿ ಮುಗಿಸುತ್ತಿದ್ದಂತೆ, ಹಿಂದಿನ ಬೆಂಚಿನಲ್ಲಿ ಕೂತಿದ್ದ ಪರಿವೀಕ್ಷಕಿ ಕೈಯಲ್ಲಿದ್ದ ಗಡಿಯಾರದ ಗುಂಡಿ ಒತ್ತಿದಳು. "ನದಿ ಎಲ್ಲಿಂದ ಶುರುವಾಗುತ್ತೆ?" ಅನ್ನುವುದು ಪ್ರಶ್ನೆ. ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. ನಿಂತಳು ಅಷ್ಟೇ, ಬಾಯಿ ತೆರೆಯಲಿಲ್ಲ.

ಹೋದ ವರ್ಷ ಜಿಲ್ಲೆಯ ಶಾಲೆಗಳೆಲ್ಲ ತಮ್ಮನ್ನು ತಾವೇ ಅಳೆದು ನೋಡಿಕೊಂಡಾಗ ಒಂದು ಸಂಗತಿ ಬಯಲಿಗೆ ಬಿದ್ದಿತ್ತು. ಪ್ರಶ್ನೆ ಕೇಳಿದ ಒಂದೇ ಸೆಕೆಂಡಿಗೆ ಉತ್ತರವನ್ನೂ ಮೇಷ್ಟ್ರುಗಳೇ ಹೇಳಿಬಿಡುತ್ತಿದ್ದರು. ಈ ವರ್ಷ ಕನಿಷ್ಠ ಮೂರು ಸೆಕೆಂಡ್ ಕಾಯಬೇಕು ಎಂದು ತೀರ್ಮಾನವಾಯಿತು. ಶಾಲೆಯಿಂದ ಶಾಲೆಗೆ ಅಲೆದು ಅದನ್ನು ಅಳೆಯುವುದು ಪರಿವೀಕ್ಷಕಿಯ ಕೆಲಸ. ಅವಳು ಅತ್ತ ತಿರುಗಿದ ಮೇಲೆ ಮೇಷ್ಟ್ರುಗಳೆಲ್ಲ ಅವಳನ್ನು 'ಗಡಿಯಾರದಮ್ಮ' ಅನ್ನುತ್ತಿದ್ದರು. ಇವತ್ತಿನ ಭೇಟಿ ಮಾತ್ರ ಬರೀ ಅಳತೆಯದಲ್ಲ. ಪಾಠ ಮುಗಿಸುವುದರಲ್ಲಿ ಇಡೀ ಜಿಲ್ಲೆಗೆ ಕೊನೆಯವರು ಈ ಮೇಷ್ಟ್ರು. ಅವಳ ವರದಿ ಚೆನ್ನಾಗಿಲ್ಲದಿದ್ದರೆ ಅವರನ್ನು ಕಚೇರಿಯ ಕಡತದ ಕೋಣೆಗೆ ಹಾಕುವುದು ಖಂಡಿತ. ಅದು ಅವರಿಗೂ ಗೊತ್ತಿತ್ತು.

ಮೂರು ಸೆಕೆಂಡ್ ದಾಟಿತು. ಹತ್ತೂ ದಾಟಿತು. ಪರಿವೀಕ್ಷಕಿ ತಲೆಯೆತ್ತಿದಳು. ಮೇಷ್ಟ್ರು ಮೇಜಿಗೆ ಒರಗಿ ಸುಮ್ಮನೆ ನಿಂತಿದ್ದರು, ಬಸ್ಸು ಬಂದೇ ಬರುತ್ತದೆ ಎಂದು ಗೊತ್ತಿರುವವರ ಹಾಗೆ. ಯಾವ ಮಗುವೂ ಕೈಯೆತ್ತಲಿಲ್ಲ, ಕಿಸಕ್ಕೆನ್ನಲಿಲ್ಲ. ಒಬ್ಬಳು ಗಲ್ಲಕ್ಕೆ ಕೈ ಕೊಟ್ಟು ಕೂತಳು. ಇನ್ನೊಬ್ಬ ಪೆನ್ಸಿಲನ್ನು ಸದ್ದಾಗದಂತೆ ಕೆಳಗಿಟ್ಟ. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ. ಆಟದ ಬಯಲಾಗಲಿ ಗೇಟಾಗಲಿ ಕಾಣದೆ, ಕಿಟಕಿಯಲ್ಲಿ ನೀರು ಬೆರೆಸಿದ ಹಾಲಿನಂಥ ಬೆಳಕು ಮಾತ್ರ ನಿಂತಿತ್ತು. ಆ ಬೆಳಕಿನಲ್ಲಿ ಸೀಮೆಸುಣ್ಣದ ಪುಡಿ ಬೀಳುವುದನ್ನೇ ಮರೆತಂತೆ ತೇಲುತ್ತಿತ್ತು. ದೋಣಿ ಕಟ್ಟಿದ ಹಗ್ಗವನ್ನು ಯಾರೋ ಮೆಲ್ಲಗೆ ಬಿಚ್ಚಿದಂತೆ ಕೋಣೆಯೇ ದಡ ಬಿಟ್ಟು ಹೊರಟಿದೆ ಅನ್ನಿಸಿತು ಅವಳಿಗೆ.

ಅವಳೂ ಹದಿನಾಲ್ಕು ವರ್ಷ ಪಾಠ ಮಾಡಿದವಳೇ. "ನೀನು ಕೂತ್ಕೋ, ಪಕ್ಕದವನು ಹೇಳು" ಅನ್ನುವುದು ಅವಳ ಬಾಯಲ್ಲಿ ಎರಡು ಮಾತಾಗಿ ಉಳಿದೇ ಇರಲಿಲ್ಲ, ಅಂಟಿಕೊಂಡು ಒಂದಾಗಿತ್ತು. ಹಾಗೆ ಕೂತವರೆಲ್ಲ ಈಗ ಮಂಜಿನೊಳಗಿಂದ ಒಬ್ಬೊಬ್ಬರಾಗಿ ಎದ್ದು ಬಂದು ಕಿಟಕಿಯ ಬಳಿ ನಿಂತರು. ತೋಳು ಉದ್ದವಾದ ಸ್ವೆಟರಿನವಳು, ಹಲ್ಲು ಬಿದ್ದವನು, ಸದಾ ಶೀತ ಆಗಿರುತ್ತಿದ್ದ ಅವಳಿ ಹುಡುಗಿಯರು. ಎಲ್ಲರ ಬಾಯೂ ಅರ್ಧ ತೆರೆದಿತ್ತು. ಅವರು ಏನು ಹೇಳುವವರಿದ್ದರು? ಕೇಳಬೇಕು ಅನ್ನುವ ಆಸೆ ಅವಳಿಗೆ ಬಾಯಾರಿಕೆಯಂತೆ ಹುಟ್ಟಿತು. ಅವಸರವೇನೂ ಇರಲಿಲ್ಲ.

"ಮೇಲಿಂದ."

ಯಾರ ದನಿ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ನಿಂತಿದ್ದ ಹುಡುಗಿ ತನ್ನ ಕಿವಿಗೇ ನಂಬಿಕೆಯಿಲ್ಲದವಳಂತೆ ಸುತ್ತ ನೋಡಿ ಕೂತಳು. ಮೇಷ್ಟ್ರು ಹೊಗಳಲಿಲ್ಲ. ತಿರುಗಿ ಬೋರ್ಡಿನ ಮೇಲೆ 'ಮೇಲಿಂದ' ಎಂದು ಬರೆದು, "ಎಷ್ಟು ಮೇಲಿಂದ?" ಎಂದು ಕೇಳಿದರು. ಪಾಠ ಮುಂದಕ್ಕೆ ಹೋಯಿತು.

ಗಂಟೆ ಹೊಡೆದ ಮೇಲೆ ಅವರು ಕೈಗಂಟಿದ ಸುಣ್ಣ ಒರೆಸಿಕೊಳ್ಳುತ್ತಾ ಹತ್ತಿರ ಬಂದರು. "ಆ ಹುಡುಗಿ ಬೇರೆ ಊರಿಂದ ಬಂದು ಎಂಟು ತಿಂಗಳಾಯ್ತು. ಬಯಲಲ್ಲಿ ಚಿನಕುರಳಿ, ಒಳಗೆ ಬಂದ್ರೆ ಬಾಯಿಗೆ ಬೀಗ. ಅವಳಿಗೆ ದಿನಕ್ಕೊಂದು ಪ್ರಶ್ನೆ ಕೇಳ್ತೀನಿ, ಸ್ವಲ್ಪ ಕಾಯ್ತೀವಿ. ಮಕ್ಕಳಿಗೂ ಈಗ ಅಭ್ಯಾಸ ಆಗಿದೆ. ಇವತ್ತು ಹೇಳಿದ್ದೇ ಮೊದಲನೇ ಮಾತು." ಆಮೇಲೆ, ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ ಕೇಳಿದರು, "ಎಷ್ಟಾಯ್ತು?"

ಅವಳು ಗಡಿಯಾರ ನೋಡಿದಳು. ಅದು ಇನ್ನೂ ಓಡುತ್ತಲೇ ಇತ್ತು. ನಿಲ್ಲಿಸುವುದನ್ನು ಅವಳು ಮರೆತೇಬಿಟ್ಟಿದ್ದಳು.

ಮರುದಿನ ಕಚೇರಿಯಲ್ಲಿ ಮುಖ್ಯಾಧಿಕಾರಿ ವರದಿಯ ಮೇಲೆ ಕಣ್ಣಾಡಿಸಿ ಕನ್ನಡಕ ತೆಗೆದರು. "ಸಂಖ್ಯೆ ಎಲ್ಲಿ? 'ಮಗು ಮಾತಾಡುವವರೆಗೆ' ಅಂತ ಬರೆದಿದ್ದೀಯಲ್ಲಮ್ಮ. ಈ ಕಾಲಂ ಎರಡಂಕಿಗಿಂತ ಹೆಚ್ಚು ತಗೊಳ್ಳಲ್ಲ, ಅಕ್ಷರವನ್ನಂತೂ ಮುಟ್ಟಲ್ಲ."

"ಹಾಗಾದ್ರೆ ಕಾಲಮ್ಮನ್ನೇ ಸ್ವಲ್ಪ ಅಗಲ ಮಾಡಿಸಿ ಸರ್."

"ಅಂದಾಜು ಎಷ್ಟಿತ್ತು?"

"ನಾಲ್ಕು ನಿಮಿಷ ಇರಬಹುದು. ಅಳೆಯೋದು ನನ್ನ ಕೆಲಸ, ಅದನ್ನ ಮಾಡಲಿಲ್ಲ. ನನ್ನ ಹೆಸರಿನ ಮುಂದೆ ಏನು ಬೇಕಾದ್ರೂ ಬರೀರಿ. ಅವರನ್ನ ಮಾತ್ರ ಆ ಮಕ್ಕಳ ಹತ್ತಿರಾನೇ ಬಿಡಿ."

ಮುಖ್ಯಾಧಿಕಾರಿ ವರ್ಗಾವಣೆಯ ಪಟ್ಟಿ ಎಳೆದುಕೊಂಡರು. ಮೇಷ್ಟ್ರ ಹೆಸರಿನ ಮೇಲೆ ಪೆನ್ನಿನ ತುದಿ ಇಟ್ಟರು. ನಿಧಾನವಾಗಿ ಅಡ್ಡಗೆರೆ ಎಳೆದರು. ಅವಳು ವಂದನೆ ಹೇಳಿ ಬಾಗಿಲ ತನಕ ಹೋಗಿದ್ದಳು, ಹಿಂದಿನಿಂದ ಅವರ ದನಿ ಕೇಳಿಸಿತು. ಅಧಿಕಾರಿಯ ದನಿಯಾಗಿರಲಿಲ್ಲ ಅದು.

"ನಮ್ಮ ಮೊಮ್ಮಗಳಿಗೆ ಮಾತು ತಡೆಯುತ್ತೆ ಕಣಮ್ಮ. ಪಾಪ ಒದ್ದಾಡ್ತಾಳಲ್ಲ ಅಂತ ಮನೇಲಿ ನಾವೆಲ್ಲ ಸೇರಿ ಅವಳ ಮಾತನ್ನ ಮುಗಿಸಿಕೊಡ್ತೀವಿ. ಏಳು ವರ್ಷ ಆಯ್ತು ಅವಳಿಗೆ. ಅವಳ ಒಂದು ಇಡೀ ವಾಕ್ಯ ಹೇಗಿರುತ್ತೆ ಅಂತ ನನಗೆ ಇನ್ನೂ ಗೊತ್ತಿಲ್ಲ."