ಕೈಕೊಡದ ಕೋವಿ

ಹೊಡೆಯಲಾರದವನು ಕೋವಿ ಡೊಂಕು ಎಂದನಂತೆ. ಗಾದೆ ಸುಳ್ಳಾದರೂ ಆದೀತು, ಈ ಕಥೆ ಮಾತ್ರ ಸುಳ್ಳಲ್ಲ. ಮೊಂಟಾನಾದ ನಮ್ಮ ಊರಿನಲ್ಲೇ, ಡೊರೀನಳ ಕೋವಿ ಅಂಗಡಿಯಲ್ಲೇ ನಡೆದದ್ದು.

ಆ ಶುಕ್ರವಾರ ಥರ್ಮನ್ ನಾಲ್ಕನೆಯ ಲಿವರ್ ಕೋವಿಯನ್ನು ಎತ್ತಿಕೊಂಡ. ಟ್ರಿಗರಿನ ಕೆಳಗಿನ, ಗುಂಡು ಏರಿಸುವ ಲಿವರನ್ನು ಚಕ್ ಎಂದು ಇಳಿಸಿದ, ಚಕ್ ಎಂದು ಏರಿಸಿದ, ಗೋಡೆಯ ಮೇಲಿನ ಜಿಂಕೆತಲೆಗೆ ಗುರಿಯಿಟ್ಟ. ಆಮೇಲೆ ನಳಿಗೆಯ ತುದಿ ನೋಡುತ್ತ ಮೂಗಿನಲ್ಲೇ ನರಳಿದ: “ಮ್‌ಮ್ಮ್... ಮೂತಿ ಒಂಚೂರು ಭಾರ ಆಯ್ತು.”

“ಹೋದ ವಾರ ಇದೇ ಕೋವೀನ ನೀನೇ ಹಗುರ ಅಂದೆ,” ಎಂದಳು ಡೊರೀನ್, ಅವನ ಬೆರಳಚ್ಚು ಒರೆಸುತ್ತ. ಹಿಮ ಕರಗಿದಾಗಿನಿಂದ ಅವಳು ಇದೇ ನಾಲ್ಕು ಕೋವಿಗಳನ್ನು ಒರೆಸುತ್ತಲೇ ಇದ್ದಳು.

“ಹೋದ ವಾರ ಮೊಣಕೈ ನೋವಿರಲಿಲ್ಲ ತಾಯಿ. ನಾನು ಕೇಳೋದು ಎರಡೇ. ಬೆಲೆ ಕೈಗೆಟುಕಬೇಕು, ಕೋವಿ ಕೈಕೊಡಬಾರದು.”

“ಕೇಳೋದು ಎರಡು, ಕೊಂಕು ತೆಗೆಯೋದು ಇಪ್ಪತ್ತು!” ಬೆಂಚಿನ ಮೇಲಿದ್ದ ಗೆಳೆಯ ಲೈಲ್ ಸಿಡುಕಿದ. “ನಾಳೆ ಗುರಿ ಹೊಡೆಯೋ ಪಂದ್ಯ ಕಣೋ. ಮೂರು ವರ್ಷದಿಂದ ನನ್ನ ಕೋವೀಲೇ ಹೊಡೀತಿದ್ದೀಯ. ಗುಂಡು ಹಾರಿಸಿ ನಳಿಗೆ ಕಾಯಿಸಿ ವಾಪಸ್ ಕೊಡ್ತೀಯ, ಮೇಲೆ ಬೈಗುಳ ಬೇರೆ. ಈ ಸಲ ಕೊಡಲ್ಲ. ಸ್ವಂತ ಕೋವಿ ಇಲ್ದೋನು ಗುರಿತಟ್ಟೆಗೆ ಬಣ್ಣ ಬಳ್ಕೊಂಡು ನಿಲ್ಬೇಕು, ಅಷ್ಟೇ.”

“ಬೈಯದೆ ಮುದ್ದಾಡ್ಲಾ? ನಿನ್ನ ಕೋವಿ ಮಸಿ ಹಿಡಿದ ಬಾಣಲೆ ಥರ ಇದೆ. ಲಿವರ್ ಅಂತೂ ಬೆರಳಿನ ಗೆಣ್ಣು ಕಚ್ಚುತ್ತೆ. ತುಕ್ಕು ಮುದುಕಿ!” ಎಂದು ಥರ್ಮನ್ ಎದ್ದ. “ಇರು, ಪಕ್ಕದ ಹೋಟ್ಲಲ್ಲಿ ಒಂದು ತುಂಡು ಚೆರ್ರಿ ಪೈ ತಿಂದು ಬರ್ತೀನಿ. ಹಸಿದ ಹೊಟ್ಟೇಲಿ ಯೋಚನೆ ಓಡಲ್ಲ.”

ಅವನು ಅತ್ತ ಹೋದದ್ದೇ ತಡ, ಲೈಲ್ ತನ್ನ ಪಿಕಪ್ ಗಾಡಿಯಿಂದ ಒಂದು ಕೋವಿ ತಂದ. ಅದೇ ಮುದುಕಿ. ಹುಟ್ಟಿದಾಗಿನಿಂದ ಬಟ್ಟೆ ಕಾಣದ ನಳಿಗೆಯನ್ನು ಹಿಂದಿನ ದಿನ ಎಣ್ಣೆ ಹಚ್ಚಿ ತಿಕ್ಕಿದ್ದ, ಮರದ ಹಿಡಿಗೆ ಹೊಳಪು ಕೊಟ್ಟಿದ್ದ, ಲಿವರಿಗೆ ಮೆತ್ತನೆಯ ಜಿಂಕೆ ತೊಗಲು ಸುತ್ತಿದ್ದ. “ಚೀಟಿ ಕಟ್ಟು ಡೊರೀನ್. ಮುನ್ನೂರೈವತ್ತು ಡಾಲರ್ ಅಂತ ಬರಿ. ಹಗ್ಗದ ಬೆಲೆಗೆ ಹಸು ಸಿಕ್ಕಿದ್ರೂ ಅವನು ಏನಂತಾನೆ ನೋಡೋಣ.” ತುಟಿ ಚೂಪು ಮಾಡಿ ಥರ್ಮನ್‌ನನ್ನೇ ಅಣಕಿಸಿದ: “ಮ್‌ಮ್ಮ್... ಮೂತಿ ಒಂಚೂರು ಭಾರ...”

ಡೊರೀನ್ ನಗದೆ ಚೀಟಿ ಬರೆದು ಕಟ್ಟಿದಳು. “ನಮ್ಮಪ್ಪನ ಕಾಲದಿಂದ ಈ ಅಂಗಡೀಲಿ ಒಂದೇ ಕಟ್ಟಳೆ. ಚೀಟಿ ಕಟ್ಟಿದ ಮೇಲೆ ಮಾರೋನೂ ಕೊಳ್ಳೋನೂ ಕೈ ಕುಲುಕಿದ್ರೆ ಮುಗೀತು. ಆಮೇಲೆ ಪಾದ್ರಿ ಬಂದು ಅತ್ರೂ ವಾಪಸ್ ಇಲ್ಲ.”

“ಅವನು ಕೈ ಕುಲುಕೋದಾ? ಮದುವೇಲಿ ‘ಹೂಂ’ ಅನ್ಸೋಕೆ ಪಾದ್ರಿ ಮೂರು ಸಲ ಕೇಳಿದ್ದ!”

ಥರ್ಮನ್ ಬಾಯೊರೆಸಿಕೊಳ್ಳುತ್ತ ಬಂದ. “ಇದ್ಯಾವುದು?”

“ಯಾರೋ ಮಾರೋಕೆ ಬಿಟ್ಟಿದ್ದು. ಹಳೇದು,” ಎಂದಳು ಡೊರೀನ್, ಚಾವಣಿ ನೋಡುತ್ತ.

ಚಕ್. ಚಕ್. ಥರ್ಮನ್ ಕಣ್ಣು ಮುಚ್ಚಿದ. ಇನ್ನೊಮ್ಮೆ ಚಕ್, ಚಕ್. “ಬೆಣ್ಣೇಲಿ ಕೂದಲು ತೆಗೆದ ಹಾಗಿದೆ! ಗೆಣ್ಣಿಗೆ ಎಷ್ಟು ಮೆತ್ತಗೆ! ನೋಡಿ ಕಲಿ ಲೈಲ್, ಕೋವಿ ಅಂದ್ರೆ ಇದು. ನಿನ್ನ ಮುದುಕಿ ಇದರ ಮನೆ ಕಸ ಗುಡಿಸೋಕೂ ಲಾಯಕ್ಕಿಲ್ಲ.”

ಲೈಲ್ ಟೋಪಿಯ ಅಂಚನ್ನು ಕಚ್ಚಿ ಹಿಡಿದಿದ್ದ. “ಮೂತಿ... ಭಾರ ಇಲ್ವಾ?”

“ಹೂವು ಕಣೋ, ಹೂವು. ತಗೊಂಡೆ.” ಡೊರೀನಳ ಕೈಯಿಂದ ಬಟ್ಟೆ ಜಾರಿಬಿತ್ತು. “ಮಾರೋನು ಯಾರು, ಕರಿ. ಕೈ ಕುಲುಕಿಬಿಡ್ತೀನಿ,” ಎಂದ ಥರ್ಮನ್.

ಲೈಲನಿಗೆ ತಡೆಯಲಾಗಲಿಲ್ಲ. ಹಾರಿ ಬಂದು ಥರ್ಮನ್‌ನ ಕೈಯನ್ನು ಬಾವಿಯ ಪಂಪಿನ ಹಾಗೆ ಕುಲುಕತೊಡಗಿದ. “ನಾನೇ ಕಣೋ ಮಾರೋನು! ತಿರುಗಿಸಿ ನೋಡು, ನಿನ್ನ ತುಕ್ಕು ಮುದುಕೀನೇ!”

ಥರ್ಮನ್ ಇನ್ನೊಂದು ಕೈಯಲ್ಲಿದ್ದ ಕೋವಿಯನ್ನು ತಿರುಗಿಸಿದ. ಮರದ ಹಿಡಿಯ ತುದಿಯಲ್ಲಿ ಲೈಲನ ನಾಯಿ ಮರಿಯಿದ್ದಾಗ ಕಚ್ಚಿದ ಹಲ್ಲಿನ ಗುರುತು. ಅವನ ಕಿವಿ ಕೆಂಪಾಯಿತು, ಕತ್ತು ಕೆಂಪಾಯಿತು. ಲೈಲ್ ಹೊಟ್ಟೆ ಹಿಡಿದು ನಗುತ್ತಿದ್ದ. ಆದರೆ ಥರ್ಮನ್ ಹಿಡಿದ ಕೈ ಬಿಟ್ಟಿರಲಿಲ್ಲ. ಹಿಡಿದ ಕೈಯನ್ನೊಮ್ಮೆ ನೋಡಿದ, ಕೋವಿಗೆ ತೂಗುತ್ತಿದ್ದ ಚೀಟಿಯನ್ನೊಮ್ಮೆ ನೋಡಿದ. ಎಲ್ಲೋ ಸೊಂಟಪಟ್ಟಿಯ ಹತ್ತಿರ ಶುರುವಾದ ನಗು ಮೇಲೇರಿ ಅಂಗಡಿಯ ಗಾಜುಗಳನ್ನೆಲ್ಲ ಗಡಗಡಿಸಿತು.

“ಮೋಸ ಹೋದೆ ಕಣೋ, ಒಪ್ಕೊಂಡೆ! ಆದ್ರೆ ಕೈ ಕುಲುಕಿ ಆಯ್ತಲ್ಲ, ಮುದುಕಿ ನಂದು.”

ಲೈಲನ ನಗು ಅರ್ಧಕ್ಕೇ ನಿಂತಿತು. “ಏಯ್, ತಮಾಷೆ ಅದು... ಡೊರೀನ್, ನೀನಾದ್ರೂ ಹೇಳು!”

“ಕಟ್ಟಳೆ ಮೊದಲೇ ಹೇಳಿದ್ದೆ,” ಎಂದಳು ಅವಳು.

“ಮತ್ತೆ ನಾಳೆ ನಾನೇನು ಹಿಡ್ಕೊಂಡು ನಿಲ್ಲಲಿ?”

“ಬಣ್ಣದ ಡಬ್ಬಿ!” ಥರ್ಮನ್ ಕಣ್ಣೀರು ಒರೆಸಿಕೊಂಡ. “ನಾನೇ ತಂದ್ಕೊಡ್ತೀನಿ ಬಿಡು.”

ಲೈಲ್ ಬುಸುಗುಡುತ್ತ ಮೇಜಿನ ಮೇಲಿನ ನಾಲ್ಕು ಕೋವಿಗಳಲ್ಲಿ ಮೊದಲನೆಯದನ್ನು ಕಿತ್ತುಕೊಂಡ. ಚಕ್, ಚಕ್. ಜಿಂಕೆತಲೆಗೆ ಗುರಿಯಿಟ್ಟ.

“ಮ್‌ಮ್ಮ್...” ಎಂದ. “ಮೂತಿ ಒಂಚೂರು ಭಾರ ಅಲ್ವಾ?”

ಈ ಸಲ ಅವನು ಯಾರನ್ನೂ ಅಣಕಿಸುತ್ತಿರಲಿಲ್ಲ. ಥರ್ಮನ್ ನಗುತ್ತ ನಗುತ್ತ ಬೆಂಚಿಗೇ ಒರಗಿಬಿಟ್ಟ. ಡೊರೀನ್ ಬಗ್ಗಿ, ನೆಲಕ್ಕೆ ಬಿದ್ದಿದ್ದ ಬಟ್ಟೆಯನ್ನು ಎತ್ತಿಕೊಂಡಳು.